ಹಾಲಾದ ಎಣ್ಣೆ

ಹಸುಗಳನ್ನೆಲ್ಲ ಮಾರಿ ಆರು ವರ್ಷ.
ಕೊಟ್ಟಿಗೆಯಲ್ಲೀಗ ದೋಣಿ ನಿಂತಿದೆ
ಟ್ರೇಲರಿನ ಮೇಲೆ, ಬೆನ್ನು ನನ್ನ ಕಡೆ ಮಾಡಿ.
ಹೊರಗೆ ಸೈಮಾ ಸರೋವರದ ಮೇಲೆ
ಇನ್ನೂ ಮೊಳದಪ್ಪ ಮಂಜುಗಡ್ಡೆ;
ಏಪ್ರಿಲ್ ಬಂದದ್ದು ಕ್ಯಾಲೆಂಡರಿಗೆ ಮಾತ್ರ ಗೊತ್ತು.

ಸ್ಟರ್ನ್‌ಡ್ರೈವ್ ಅನ್ನುತ್ತಾರೆ ಇದಕ್ಕೆ.
ಎಂಜಿನ್ನು ಒಡಲೊಳಗೆ, ಕಾಲು ಮಾತ್ರ ಹೊರಗೆ, ನೀರಲ್ಲಿ.
ನನಗಿದು ಹಿಂಗಾಲು, ಅಷ್ಟೆ.
ನಲವತ್ತು ವರ್ಷ ಹಿಂಗಾಲುಗಳ ಪಕ್ಕ
ಮಂಡಿಯೂರಿ ಕೂತವಳು,
ಒದೆಯುವ ಮುಂಚೆ ಯಾವ ನರ ನಡುಗುತ್ತದೆ ಬಲ್ಲೆ.

ಅಡಿಯ ತಿರುಪು ಬಿಚ್ಚಿ ಬಕೆಟ್ ಹಿಡಿದೆ.
ಜೇನುಬಣ್ಣದ್ದು ಬರಬೇಕಿತ್ತು.
ಬಂದದ್ದು ಹಾಲು.
ಗಿಣ್ಣಿನ ಹಾಗೆ ದಪ್ಪ, ಕಮಟು ವಾಸನೆಯ,
ಎಷ್ಟು ಹೆಪ್ಪು ಹಾಕಿದರೂ ಮೊಸರಾಗದ ಹಾಲು.
ನೀರು ಹೊಕ್ಕಿದೆ ಒಳಗೆ.
ಯಾರಿಂದ?

ಒಸ್ಮೋನಿಂದ. ನನ್ನ ತಮ್ಮ.
ಆಗಸ್ಟಿನಲ್ಲಿ ಕೇಳಿ ಒಯ್ದ, ವಾಪಸು ತಂದಾಗ
ಗಿಯರು ನರಳುತ್ತಿತ್ತು.
ಹನ್ಹಿಸಾರಿಯ ಬಂಡೆಗೆ ತಾಗಿಸಿದ್ದೀಯ, ಅಂದೆ.
ತಾಗಿಲ್ಲ, ಅಂದ.
ತಾಗಿದೆ, ಅಂದೆ.
ಮಾತು ಅಷ್ಟೇ. ಅಷ್ಟಕ್ಕೇ ಒಂದಿಡೀ ಚಳಿಗಾಲ
ಅವನ ಚಿಮಣಿಯ ಹೊಗೆ ಅವನಿಗೆ, ನನ್ನದು ನನಗೆ.
ಶನಿವಾರ ಸೌನಾ ಕಾಸಿದರೆ
ಎರಡನೆಯ ಟವೆಲ್ ಗೂಟದಲ್ಲೇ ಉಳಿಯುತ್ತಿತ್ತು
ಒದ್ದೆಯಾಗದೆ.

ಕೈಪಿಡಿ ಸ್ವೀಡಿಷಿನಲ್ಲಿದೆ.
ಶಾಲೆಯಲ್ಲಿ ಕಲಿತದ್ದು ರೈಲಿನ ವೇಳೆ ಕೇಳುವಷ್ಟು.
ಚಿತ್ರಗಳನ್ನೇ ಓದಿದೆ.
ಆರು ನಟ್ಟು. ಐದು ಒಳ್ಳೆಯ ಮಾತಿಗೇ ಬಂದವು.
ಆರನೆಯದು ಕೇಳಿತು: ಬರ್ನರಿನ ಬೆಂಕಿ,
ಪಾನೆಗೆ ಸಿಕ್ಕಿಸಿದ ಮಾರುದ್ದದ ಪೈಪು, ನನ್ನ ಇಡೀ ಮೈಭಾರ,
ಮೇಲೆ ಅಪ್ಪನ ಕಾಲದ ಒಂದು ಬೈಗುಳ.
ಕರು ಎಳೆಯುವ ಹಗ್ಗ ತೊಲೆಗೆ ಬಿಗಿದು
ಕಾಲನ್ನು ಇಳಿಸಿದೆ ಹುಲ್ಲಿನ ಮೇಲೆ.
ಈಗಷ್ಟೇ ಹುಟ್ಟಿದ ಕರುವಿನ ತೂಕ,
ಒದ್ದಾಟವೊಂದಿಲ್ಲ.

ರಬ್ಬರಿನ ತಿದಿಯನ್ನು ದೀಪಕ್ಕೆ ಹಿಡಿದೆ, ತೂತಿಲ್ಲ.
ಬೇರಿಂಗ್ ತಿರುಗಿಸಿ ಕಿವಿಯಿಟ್ಟೆ, ಗೊಣಗಲಿಲ್ಲ.
ಬಂಡೆ ತಾಗಿದ್ದರೆ ಮೊದಲು ತಾಗಬೇಕಾದ
ಅಡಿಯ ರೆಕ್ಕೆಯ ಮೇಲೆ ಬೆರಳಾಡಿಸಿದೆ.
ಗೀರಿಲ್ಲ. ಒಂದೂ ಇಲ್ಲ.
ಹೊಟ್ಟೆಯಲ್ಲಿ ಏನೋ ತಣ್ಣಗಾಯಿತು.

ಪ್ರೊಪೆಲರ್ ಕಳಚಿದೆ.
ಹಿಂದೆ, ಶಾಫ್ಟಿಗೆ ಬಿಗಿದು, ಸುತ್ತಿ ಸುತ್ತಿ,
ಬಿಸಿಗೆ ಕರಗಿ ಗಾಜಿನಂತಾಗಿ
ಸೀಲಿನ ತುಟಿಯನ್ನು ಕೊಯ್ದು ಕೂತಿತ್ತು ಗಾಳದ ದಾರ.
ಹಳದಿ ದಾರ.
ಈ ಕೊಲ್ಲಿಯಲ್ಲಿ ಹಳದಿ ಹಾಕುವವಳು ನಾನೊಬ್ಬಳೇ,
ಕಣ್ಣು ಮಂಜಾದಾಗಿನಿಂದ.

ಜುಲೈ. ಆ ಪೈಕ್ ಮೀನು.
ದಾರ ಹರಿದುಕೊಂಡು ಹೋಯಿತು ಕಳ್ಳಮುಂಡೇದು ಎಂದು
ಎರಡೂ ಕೈ ಚಾಚಿ ಅಳತೆ ತೋರಿಸಿ ನಕ್ಕಿದ್ದೆ,
ಒಸ್ಮೋನ ಮುಂದೆಯೇ.

ಇಕ್ಕಳದಲ್ಲಿ ಒಂದೊಂದೇ ಸುತ್ತು ಬಿಡಿಸಿದೆ.
ಬಿಡಿಸಿದಷ್ಟೂ ಬಂತು.

ಎರಡು ಸೀಲು, ಇಪ್ಪತ್ತಮೂರು ಯೂರೋ,
ಟಪಾಲಿನಲ್ಲಿ ಮೂರು ದಿನ.
ತುಟಿಗೆ ಗ್ರೀಸು ಸವರಿ, ದೊಡ್ಡ ಸಾಕೆಟ್ ಅಡ್ಡವಿಟ್ಟು
ಮೆಲ್ಲಗೆ ಬಡಿದು ಕೂರಿಸಿದೆ.
ಮತ್ತೆ ಜೋಡಿಸುವುದು ಮಾತ್ರ ಒಬ್ಬರ ಕೆಲಸವಲ್ಲ:
ಒಬ್ಬರು ಕಾಲನ್ನು ಒಳಕ್ಕೆ ತಳ್ಳಬೇಕು,
ಇನ್ನೊಬ್ಬರು ಪ್ರೊಪೆಲರನ್ನು ಕೂದಲೆಳೆಯಷ್ಟು ತಿರುಗಿಸಬೇಕು
ಕಾಣದ ಹಲ್ಲು ಕಾಣದ ಹಲ್ಲಿಗೆ ಕೂರುವತನಕ.
ಕೈಪಿಡಿಯಲ್ಲಿ ಈ ಸಾಲಿಗೆ ಚಿತ್ರವಿರಲಿಲ್ಲ.
ಆದರೂ ಅರ್ಥವಾಯಿತು.

ದಾರದ ಉಂಡೆ ಜೇಬಿಗಿಳಿಸಿ ಮಂಜಿನ ಮೇಲೇ ನಡೆದೆ.
ಅವನ ಮೇಜಿನ ಮೇಲೆ, ಕಾಫಿ ಕಪ್ಪಿನ ಪಕ್ಕ ಇಟ್ಟೆ.
ನೋಡಿದ. ಕನ್ನಡಕ ಹುಡುಕಿ ಹಾಕಿಕೊಂಡು
ಮತ್ತೆ ನೋಡಿದ.
‘ಆ ಮೀನು ಎಷ್ಟುದ್ದ ಇತ್ತು ಅಂದಿದ್ದೆ?’
ನಾನು ಕೈ ಚಾಚಿದೆ, ಜುಲೈಗಿಂತ ಗೇಣು ಕಡಿಮೆ.
ಅವನು ಬೂಟು ಹುಡುಕತೊಡಗಿದ.

ಕೊಟ್ಟಿಗೆಯಲ್ಲಿ ಒಂದು ಗಂಟೆ ಆಡಿದ್ದು ಮೂರೇ ಮಾತು:
ಸ್ವಲ್ಪ. ತಡಿ. ಈಗ.
ಟಕ್ಕೆಂದು ಒಳಗೆ ಹೋಯಿತು.

ಎಲ್ಲ ಬಿಗಿದಾದ ಮೇಲೆ
ನೆಲದಲ್ಲಿ ಒಂದು ವಾಷರ್ ಉಳಿದಿತ್ತು.
ಎಲ್ಲಿಯದೋ, ಇಬ್ಬರಿಗೂ ತಿಳಿಯಲಿಲ್ಲ.
ಒಸ್ಮೋ ಅದನ್ನು ಅಂಗಿಗೆ ಒರೆಸಿ
ಗೋಡೆಯ ಮೊಳೆಯೊಂದಕ್ಕೆ ನೇತುಹಾಕಿದ,
ಹಸುಗಳ ಹೆಸರು ಬರೆದ ಹಲಗೆಗಳ ಸಾಲಿನಲ್ಲಿ.